ಗಜಕರ್ಣ: ಮುಚ್ಚಿಟ್ಟರೆ ಹಬ್ಬುತ್ತದೆ

ಬಳ್ಳಾರಿಯ ಬಿಸಿಲು ನಮಗೆಲ್ಲ ಗೊತ್ತೇ ಇದೆ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ. ಮೈಯೆಲ್ಲ ಬೆವರು. ಸೀರೆ ಬಿಗಿದ ಸೊಂಟ, ಎದೆಯ ಕೆಳಗೆ, ತೊಡೆಸಂದು, ಇಲ್ಲೆಲ್ಲ ಗಾಳಿ ಆಡುವುದಿಲ್ಲ. ತುರಿಕೆ ಶುರುವಾಗುವುದು ಇಲ್ಲೇ. ಮೊದಲು ಒಂದು ಸಣ್ಣ ಗುಳ್ಳೆ. ಆಮೇಲೆ ಬಳೆಯ ಹಾಗೆ ದುಂಡಗೆ ಅಗಲವಾಗುತ್ತದೆ. ಅಂಚು ಕೆಂಪಗೆ ಉಬ್ಬಿರುತ್ತದೆ. ನಡುವೆ ತಿಳಿಯಾಗಿರುತ್ತದೆ. ಇದನ್ನು ಗಜಕರ್ಣ ಅಂತೀವಿ. ಹುಳುಕಡ್ಡಿ ಅಂತಲೂ ಅಂತಾರೆ. ತೆಲುಗು ಮಾತಾಡುವ ಮನೆಗಳಲ್ಲಿ ತಾಮರ ಅಂತಾರೆ.

ಹೆಸರಿನಲ್ಲಿ ಹುಳ ಇದೆ. ಆದರೆ ಇದು ಹುಳ ಅಲ್ಲ, ಬೂಷ್ಟು. ತಂಗಳು ರೊಟ್ಟಿ ಮೇಲೆ, ಉಪ್ಪಿನಕಾಯಿ ಮೇಲೆ ಬೂಷ್ಟು ಬರುವುದಿಲ್ಲವೇ? ಅಂಥದೇ ಬೇರೆ ಜಾತಿಯ ಬೂಷ್ಟು ನಮ್ಮ ಚರ್ಮದ ಮೇಲೆ ಬೆಳೆಯುತ್ತದೆ. ಅದಕ್ಕೆ ಬೇಕಾದ್ದು ಬಿಸಿ ಮತ್ತು ತೇವ. ಪಾಪ, ಶಾಪ ಇದಕ್ಕೆ ಕಾರಣವಲ್ಲ.

ದೊಡ್ಡಾಸ್ಪತ್ರೆಯಲ್ಲಿ ಚರ್ಮದ ಡಾಕ್ಟರ ಕೋಣೆಯ ಮುಂದೆ ಓಪಿ ಚೀಟಿ ಹಿಡಿದು ಸಾಲು ನಿಂತಿರುತ್ತದೆ. ಬೂಷ್ಟು ಎಲ್ಲಿ ಹತ್ತಿದೆ ಎಂದು ನೋಡಿದರೆ ಎಷ್ಟೋ ಸಲ ಅವರ ಕೆಲಸವೂ ತಿಳಿಯುತ್ತದೆ. ಸಿರುಗುಪ್ಪ ಭತ್ತದ ಸೀಮೆ. ತುಂಗಭದ್ರಾ ಕಾಲುವೆ ನೀರು ಬಿಟ್ಟಾಗ ನಾಟಿ. ದಿನವಿಡೀ ಕೆಸರಿನಲ್ಲಿ ಕಾಲು. ಬೆರಳ ಸಂದಿ ಬೆಳ್ಳಗೆ ನೆನೆದು, ಬಿರಿದು, ಉರಿಯುತ್ತದೆ. ಇದು ಕೆಸರುಹುಣ್ಣು. ಪಾತ್ರೆ ತಿಕ್ಕುವವರಿಗೆ, ಬಟ್ಟೆ ಒಗೆಯುವವರಿಗೆ ಕೈಬೆರಳ ಸಂದಿಯಲ್ಲಿ ಬರುತ್ತದೆ. ಕುರುಗೋಡಿನ ಕಡೆ ಬಿಸಿಲಲ್ಲಿ ಮೆಣಸಿನಕಾಯಿ, ಹತ್ತಿ ಬಿಡಿಸುವವರಿಗೆ, ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯಲು ಇಡೀ ದಿನ ಮಷಿನ್ ಮುಂದೆ ಕೂರುವವರಿಗೆ ಸೊಂಟ, ತೊಡೆಸಂದಿನಲ್ಲಿ ಬೆವರು ಆರುವುದೇ ಇಲ್ಲ. ಹುಡುಗ ಹುಡುಗಿಯರ ಕುತ್ತಿಗೆ, ಬೆನ್ನಿನ ಮೇಲೆ ಹೊಟ್ಟು ಹೊಟ್ಟಾದ ಬಿಳಿ ಚುಕ್ಕೆ ಬಂದರೆ ಅದು ಚಿಬ್ಬು. ಚಿಬ್ಬು ವಾಸಿಯಾದರೂ ಚರ್ಮಕ್ಕೆ ಬಣ್ಣ ಬರಲು ತಿಂಗಳುಗಳೇ ಬೇಕು. ಗಾಬರಿ ಬೇಡ.

ಆದರೆ ಬಿಳಿಚಿದ ಮಚ್ಚೆ ಮುಟ್ಟಿದರೂ ಗೊತ್ತಾಗದಂತೆ ಜೋಮು ಹಿಡಿದಿದ್ದರೆ ಆ ವಿಷಯ ಬೇರೆ. ಅದು ಕುಷ್ಠ ಇರಬಹುದು. ತಡಮಾಡದೆ ತೋರಿಸಬೇಕು. ಅದಕ್ಕೂ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಔಷಧಿ ಇದೆ, ವಾಸಿಯಾಗುತ್ತದೆ.

ನಮ್ಮ ಹೆಣ್ಣುಮಕ್ಕಳ ಕಷ್ಟ ಇನ್ನೊಂದು. ತೊಡೆಸಂದಿನ ಹುಣ್ಣು ಯಾರಿಗೆ ತೋರಿಸುವುದು? ಗಂಡನಿಗೂ ಹೇಳುವುದಿಲ್ಲ. ಪಕ್ಕದ ಮನೆಯಾಕೆ ಹೇಳಿದ ಟ್ಯೂಬನ್ನು ಅಂಗಡಿಯಿಂದ ತರಿಸಿ ಹಚ್ಚಿಕೊಳ್ಳುತ್ತಾರೆ. ಎರಡು ದಿನಕ್ಕೆ ತುರಿಕೆ ನಿಲ್ಲುತ್ತದೆ. 'ಭಾಳ ಚಲೋ ಔಷಧಿ' ಅಂತಾರೆ. ಬಿಟ್ಟ ಕೂಡಲೇ ಮತ್ತೆ ಬರುತ್ತದೆ, ಮೊದಲಿಗಿಂತ ಅಗಲವಾಗಿ.

ಯಾಕೆ ಹೀಗೆ? ಅಂಥ ಟ್ಯೂಬುಗಳಲ್ಲಿ ಸ್ಟಿರಾಯ್ಡ್ ಬೆರೆತಿರುತ್ತದೆ. ಅದು ಕೆಂಪನ್ನೂ ತುರಿಕೆಯನ್ನೂ ಅಡಗಿಸುತ್ತದೆ. ಬೂಷ್ಟನ್ನು ಕೊಲ್ಲುವುದಿಲ್ಲ. ಬದಲಿಗೆ ನಮ್ಮ ಚರ್ಮದ ಕಾವಲು ಶಕ್ತಿಯನ್ನೇ ಕುಗ್ಗಿಸುತ್ತದೆ. ಒಳಗೊಳಗೇ ಬೂಷ್ಟು ಹಬ್ಬುತ್ತದೆ. ಬಹಳ ದಿನ ಹಚ್ಚಿದರೆ ಚರ್ಮ ತೆಳ್ಳಗಾಗಿ, ಹೆತ್ತವರ ಹೊಟ್ಟೆಯ ಮೇಲಿರುವಂಥ ಗೆರೆಗಳು ತೊಡೆಯ ಮೇಲೆ ಮೂಡುತ್ತವೆ. ಆ ಗೆರೆ ಅಳಿಯುವುದಿಲ್ಲ. ಡಾಕ್ಟರ ಚೀಟಿ ಇಲ್ಲದೆ ಇಂಥ ಮುಲಾಮು ಮಾರದಂತೆ ಕೇಂದ್ರ ಸರ್ಕಾರ 2018ರಲ್ಲಿ ನಿಯಮ ಬಿಗಿ ಮಾಡಿತು. ಆದರೂ ಕೇಳಿದರೆ ಕೊಡುವ ಅಂಗಡಿಗಳಿವೆ. ಟ್ಯೂಬಿನ ಮೇಲಿನ ಹೆಸರನ್ನು ಶಾಲೆಗೆ ಹೋಗುವ ಮಗಳಿಂದ ಓದಿಸಿ. ಬೆಟಾಮೆಥಾಸೋನ್, ಮೊಮೆಟಾಸೋನ್ ಎಂದು ಕೊನೆಗೆ 'ಸೋನ್' ಬಂದರೆ, ಇಲ್ಲವೇ ಕ್ಲೋಬೆಟಸಾಲ್ ಎಂದಿದ್ದರೆ, ಅದರಲ್ಲಿ ಸ್ಟಿರಾಯ್ಡ್ ಇದೆ.

ಈಗಂತೂ ಬೂಷ್ಟೇ ಮೊಂಡಾಗಿದೆ. ನಮ್ಮ ದೇಶದಲ್ಲಿ ಹಬ್ಬಿರುವ ಒಂದು ಜಾತಿ ಹಳೆಯ ಮಾತ್ರೆಗೆ ಸುಲಭಕ್ಕೆ ಬಗ್ಗುವುದಿಲ್ಲ. ಹಾಗಾಗಿ ಅರ್ಧಕ್ಕೆ ಔಷಧಿ ಬಿಡಬಾರದು. ಡಾಕ್ಟರು ಮಚ್ಚೆಯ ಅಂಚಿನಿಂದ ಹೊಟ್ಟು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ನೋವಿಲ್ಲ. ಮುಲಾಮನ್ನು ಮಚ್ಚೆಗಷ್ಟೇ ಅಲ್ಲ, ಸುತ್ತಲೂ ಎರಡು ಬೆರಳಗಲ ಹಚ್ಚಬೇಕು. ತುರಿಕೆ ನಿಂತರೂ ಹೇಳಿದಷ್ಟು ವಾರ ಮುಂದುವರಿಸಬೇಕು. ಬಸುರಿಯಾಗಿದ್ದರೆ ಮೊದಲೇ ಹೇಳಿ, ಕೆಲವು ಮಾತ್ರೆ ಬಸುರಿಯರಿಗೆ ಆಗುವುದಿಲ್ಲ. ಮತ್ತೆ ಮತ್ತೆ ಬರುತ್ತಿದ್ದರೆ ಸಕ್ಕರೆ ಕಾಯಿಲೆ ಪರೀಕ್ಷೆ ಮಾಡಿಸಿ. ಹೆಣ್ಣು ಡಾಕ್ಟರೇ ಬೇಕು ಎಂದು ಕೇಳಲು ಸಂಕೋಚ ಬೇಡ.

ಮನೆಯಲ್ಲಿ ಒಬ್ಬರಿಗೆ ಬಂದರೆ ಎಲ್ಲರ ಮೈಯನ್ನೂ ನೋಡಿ. ಒಂದೇ ಟವೆಲ್ಲು, ಒಂದೇ ಹಾಸಿಗೆ, ಒಬ್ಬರ ಸೀರೆ ಇನ್ನೊಬ್ಬರು ಉಡುವುದು, ಹೀಗೆಯೇ ಇದು ಹರಡುತ್ತದೆ. ಇಬ್ಬರಿಗಿದ್ದರೆ ಇಬ್ಬರೂ ಒಟ್ಟಿಗೇ ಔಷಧಿ ಮಾಡಬೇಕು. ಒಳಬಟ್ಟೆಯನ್ನು ನಾಚಿಕೆಗೆ ಸೀರೆಯ ಕೆಳಗೆ, ಕತ್ತಲ ಮೂಲೆಯಲ್ಲಿ ಒಣಗಿಸುತ್ತೇವೆ. ಅದು ತೇವವಾಗಿಯೇ ಉಳಿಯುತ್ತದೆ. ಬಿಸಿನೀರಲ್ಲಿ ಒಗೆದು, ಒಳಮೈ ಹೊರಗೆ ಮಾಡಿ, ಬಿಸಿಲಿಗೆ ಹಾಕಿ. ನಮ್ಮೂರ ಬಿಸಿಲಿಗೆ ದುಡ್ಡು ಕೊಡಬೇಕಿಲ್ಲ. ಗದ್ದೆಯಿಂದ ಬಂದ ಕೂಡಲೇ ಕಾಲು ತೊಳೆದು ಬೆರಳ ಸಂದಿ ಒಣಬಟ್ಟೆಯಿಂದ ಒರೆಸಿಕೊಳ್ಳಿ. ಸೀಮೆಎಣ್ಣೆ, ಸುಣ್ಣ ಹಚ್ಚಬೇಡಿ, ಚರ್ಮ ಸುಡುತ್ತದೆ.

ಓದಿ, ಬರೆಯಿರಿ: ಗಜಕರ್ಣ, ಬೂಷ್ಟು, ಚಿಬ್ಬು, ಕೆಸರುಹುಣ್ಣು, ಮುಲಾಮು.

ಮಾತಾಡಿ: ನಿಮ್ಮ ಮನೆಯಲ್ಲಿ ಎಷ್ಟು ಜನ ಒಂದೇ ಟವೆಲ್ಲು ಬಳಸುತ್ತೀರಿ?