ತೂಕ ಇಳಿಸೋಣ, ಆದರೆ ಎಲ್ಲಿಂದ?

ಡಿಸೈನ್ ಪ್ರಾಜೆಕ್ಟ್ ಅಂದ ಕೂಡಲೇ ನಮ್ಮ ಬಾಯಿಗೆ ಬರುವ ಮೊದಲ ಮಾತು "ತೂಕ ಕಡಿಮೆ ಮಾಡೋಣ". ಆಮೇಲೆ ಕಾರ್ಬನ್ ಫೈಬರ್ ಬೆಲೆ ನೋಡಿ ಸುಮ್ಮನಾಗ್ತೀವಿ. ಈ ಸಲ ಒಂದು ವಿಚಿತ್ರ ಉದಾಹರಣೆ ತಗೊಳ್ಳೋಣ: ಬೇಟೆಯ ರೈಫಲ್. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಬೇಟೆಯನ್ನು ನಿಷೇಧಿಸಿದೆ. ಅಮೆರಿಕದ ಕೊಲರಾಡೊದಲ್ಲಿ ಮಾತ್ರ ಪರವಾನಗಿ ಪಡೆದವರು ಎಲ್ಕ್ ಜಿಂಕೆಯ ಹಿಂದೆ 3000 ಮೀಟರ್ ಎತ್ತರದ ಬೆಟ್ಟ ಹತ್ತುತ್ತಾರೆ. ಅಲ್ಲಿ ನಾಲ್ಕು ಕೆ.ಜಿ. ರೈಫಲ್ ಹೊತ್ತು ನಡೆಯುವವರಿಗೆ ಒಂದೊಂದು ಗ್ರಾಮೂ ಲೆಕ್ಕವೇ.

ಮೊದಲ ಪಾಠ: ಪ್ರತಿ ಗ್ರಾಂ ಇಳಿಸಲು ಎಷ್ಟು ಖರ್ಚು ಅಂತ ಪಟ್ಟಿ ಮಾಡಬೇಕು. ಮುಂದೆ ಸಿಕ್ಕಿಸಿದ ಎರಡು ಕಾಲಿನ ಸ್ಟ್ಯಾಂಡ್ ತೆಗೆದರೆ ಸುಮಾರು 350 ಗ್ರಾಂ ಇಳಿಯುತ್ತದೆ, ಖರ್ಚು ಸೊನ್ನೆ. 20 ತೋಟಾ ಬದಲು 8 ಒಯ್ದರೆ, ತಲಾ 25 ಗ್ರಾಮಿನಂತೆ ಬೆನ್ನಿನ ಮೇಲಿನ ಹೊರೆ 300 ಗ್ರಾಂ ಕಡಿಮೆ. ಇದಕ್ಕೂ ದುಡ್ಡು ಬೇಡ. 600 ಗ್ರಾಮಿನ ದೊಡ್ಡ ಸ್ಕೋಪ್ ಮಾರಿ 300 ಗ್ರಾಮಿನ ಸರಳ ಸ್ಕೋಪ್ ಕೊಂಡರೆ ಖರ್ಚು ಅಲ್ಪ. ಭುಜಕ್ಕೆ ಒರಗಿಸುವ ಮರದ ಭಾಗವನ್ನು ಕಾರ್ಬನ್ ಫೈಬರ್‌ಗೆ ಬದಲಿಸಲು ಮಾತ್ರ ನೂರಾರು ಡಾಲರ್ ಬೇಕು. ಹಾಗಾಗಿ ಅದು ಪಟ್ಟಿಯ ಕೊನೆಗೆ.

ನಳಿಗೆ ಕತ್ತರಿಸಿದರೆ? ತುದಿಯಲ್ಲಿ 15 ಮಿ.ಮೀ. ದಪ್ಪ, ಒಳರಂಧ್ರ 7.62 ಮಿ.ಮೀ. ಇರುವ ಉಕ್ಕಿನ ನಳಿಗೆಯ ಒಂದು ಸೆಂ.ಮೀ. ತೂಕ ಸುಮಾರು 10 ಗ್ರಾಂ. ಐದು ಸೆಂ.ಮೀ. ಕತ್ತರಿಸಿದರೂ ಸಿಗೋದು 50 ಗ್ರಾಂ ಅಷ್ಟೇ, ಜೊತೆಗೆ ಗುಂಡಿನ ವೇಗವೂ ತಗ್ಗುತ್ತದೆ. ನಳಿಗೆಯನ್ನು ತೆಳ್ಳಗೆ ಮಾಡಿದರೆ ಇನ್ನೊಂದು ತಲೆನೋವು. ಸರಳುಗಳ ತೂಕ ವ್ಯಾಸದ ವರ್ಗಕ್ಕೆ ಅನುಗುಣ, ಬಾಗದಿರುವ ಗುಣ ನಾಲ್ಕನೇ ಘಾತಕ್ಕೆ. ಗಟ್ಟಿ ಸರಳಿನ ವ್ಯಾಸ ಶೇ. 10 ಇಳಿಸಿದರೆ ತೂಕ ಶೇ. 19 ಇಳಿಯುತ್ತದೆ, ಬಿಗಿತ ಶೇ. 34 ಹೋಗುತ್ತದೆ. ಲಾಭಕ್ಕಿಂತ ನಷ್ಟ ಜಾಸ್ತಿ ಅಲ್ವಾ?

ಎರಡನೇ ಪಾಠ: ತೂಕಕ್ಕೂ ಒಂದು ಕೆಲಸವಿದೆ. ಪಾಯಿಂಟ್ 308 ತೋಟಾದ ಗುಂಡು 9.7 ಗ್ರಾಂ, ವೇಗ ಸೆಕೆಂಡಿಗೆ ಸುಮಾರು 860 ಮೀಟರ್. ಮದ್ದಿನ ಅನಿಲವನ್ನೂ ಸೇರಿಸಿದರೆ ಒಟ್ಟು ಸಂವೇಗ ಅಂದಾಜು 11.8 ಕೆ.ಜಿ. ಮೀಟರ್ ಪ್ರತಿ ಸೆಕೆಂಡ್. ಅಷ್ಟೇ ಸಂವೇಗ ರೈಫಲ್‌ಗೂ ಹಿಂದಕ್ಕೆ ಸಿಗುತ್ತದೆ. ಸಂವೇಗದ ವರ್ಗವನ್ನು ದ್ರವ್ಯರಾಶಿಯ ಎರಡರಷ್ಟರಿಂದ ಭಾಗಿಸಿ ನೋಡಿ: 4 ಕೆ.ಜಿ. ಇದ್ದಾಗ ಭುಜಕ್ಕೆ ಬೀಳುವ ಶಕ್ತಿ ಸುಮಾರು 17 ಜೂಲ್, 3 ಕೆ.ಜಿ.ಗೆ 23 ಜೂಲ್. ತೂಕ ಕಾಲು ಭಾಗ ಇಳಿದರೆ ಒದೆತ ಮೂರನೇ ಒಂದು ಭಾಗ ಏರಿತು! ಒದೆತಕ್ಕೆ ಹೆದರಿದ ಕೈ ಟ್ರಿಗರ್ ಒತ್ತುವಾಗಲೇ ಅದುರುತ್ತದೆ, ಪ್ರಾಣಿ ಸಾಯದೆ ಗಾಯಗೊಂಡು ಓಡುತ್ತದೆ. ಹಗುರ ರೈಫಲ್‌ನ ನಿಜವಾದ ಬೆಲೆ ಇದು.

ಮೂರನೇ ಪಾಠ: ಮುಟ್ಟಬಾರದ ಜಾಗ. ಸ್ಫೋಟದ ಕ್ಷಣದಲ್ಲಿ ತೋಟಾ ಕೂರುವ ಕೋಣೆಯ ಒತ್ತಡ 400 ಮೆಗಾಪಾಸ್ಕಲ್ ದಾಟಬಹುದು. ಅದನ್ನು ತಡೆಯುವ ಬೋಲ್ಟ್, ಅದರ ಹಲ್ಲುಗಳು ಮತ್ತು ರಿಸೀವರ್ ಇರೋದು ಶೂಟರ್‌ನ ಮುಖದ ಪಕ್ಕದಲ್ಲೇ. ಅಲ್ಲಿ ಒಂದು ಗ್ರಾಮನ್ನೂ ಕೆರೆಯುವಂತಿಲ್ಲ.

ನಮ್ಮ ರೇಸ್ ಕಾರು, ಡ್ರೋನ್, ರೋಬೋಗೂ ಇದೇ ಕ್ರಮ ಸಾಕು. ಮೊದಲು ಬೇಡದ್ದನ್ನು ಬಿಡಿ, ಆಮೇಲೆ ಅಗ್ಗದ್ದನ್ನು ಬದಲಿಸಿ, ಜೀವ ಕಾಯುವುದನ್ನು ಹಾಗೇ ಇರಲು ಬಿಡಿ. ಕತ್ತರಿಸುವ ಮೊದಲು ಪ್ರತಿ ಭಾಗಕ್ಕೂ ಒಂದೇ ಪ್ರಶ್ನೆ ಕೇಳೋಣ: ಈ ತೂಕ ಇಲ್ಲಿ ಏನು ಕೆಲಸ ಮಾಡ್ತಿದೆ?