ಬೇವಿನ ಎಲೆ, ಬೆಳ್ಳಿಯ ಕಣ ಮತ್ತು ಸೊಳ್ಳೆ

ಬೇವಿನ ರಸ ಹಾಗೂ ಬೆಳ್ಳಿಯಿಂದ ಸೊಳ್ಳೆಮರಿ ಕೊಲ್ಲುವ ನ್ಯಾನೋ ಔಷಧ ತಯಾರಾಗುತ್ತದೆ ಎಂಬ ಸುದ್ದಿ ಕೇಳಿದವರಿಗೆ, ಅದನ್ನು ಮನೆಯಲ್ಲೇ ಮಾಡಬಹುದೇ ಎಂಬ ಪ್ರಶ್ನೆ ಬರುವುದು ಸಹಜ.

ನ್ಯಾನೋ ಕಣ ಎಂದರೇನು?

ಒಂದು ಮಿಲಿಮೀಟರನ್ನು 10 ಲಕ್ಷ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲೇ ನ್ಯಾನೋಮೀಟರ್. ಸಾಮಾನ್ಯವಾಗಿ 1ರಿಂದ 100 ನ್ಯಾನೋಮೀಟರ್ ಗಾತ್ರದವು ನ್ಯಾನೋ ಕಣಗಳು. ಪ್ರಯೋಗಾಲಯದಲ್ಲಿ ಎಲೆಗಳನ್ನು ನೀರಿನಲ್ಲಿ ಕುದಿಸಿ, ಸೋಸಿ, ಆ ರಸವನ್ನು ಸಿಲ್ವರ್ ನೈಟ್ರೇಟ್ ಎಂಬ ಬೆಳ್ಳಿಯ ಲವಣದ ದ್ರಾವಣಕ್ಕೆ ಬೆರೆಸುತ್ತಾರೆ. ಎಲೆಯಲ್ಲಿರುವ ಪದಾರ್ಥಗಳು ಲವಣದಲ್ಲಿರುವ ಬೆಳ್ಳಿಯನ್ನು ಸೂಕ್ಷ್ಮ ಕಣಗಳನ್ನಾಗಿ ಮಾಡುತ್ತವೆ. ಆಗ ದ್ರಾವಣ ಕಂದು ಬಣ್ಣಕ್ಕೆ ತಿರುಗುತ್ತದೆ. ಇಂತಹ ಕಣಗಳಿರುವ ನೀರಿನಲ್ಲಿ ಸೊಳ್ಳೆಮರಿಗಳು ಸಾಯುವುದು ಅನೇಕ ಪ್ರಯೋಗಗಳಲ್ಲಿ ಕಂಡುಬಂದಿದೆ.

ಮನೆಯಲ್ಲಿ ಮಾಡಬಹುದೇ?

ಖಂಡಿತ ಬೇಡ. ಸಿಲ್ವರ್ ನೈಟ್ರೇಟ್ ಚರ್ಮವನ್ನು ಸುಡುತ್ತದೆ, ಕಣ್ಣಿಗೆ ಹಾನಿ ಮಾಡುತ್ತದೆ, ಹೊಟ್ಟೆಗೆ ಹೋದರೆ ವಿಷ. ಬೆಳ್ಳಿಯ ಕಣಗಳಿಂದ ಮೀನು ಮೊದಲಾದ ಜಲಚರಗಳಿಗೂ ಅಪಾಯವಿದೆ. ಸೊಳ್ಳೆಮರಿ ತಿನ್ನಲೆಂದು ತೊಟ್ಟಿಗೆ ಬಿಟ್ಟ ಗಪ್ಪಿ ಮೀನು ಇದರಿಂದ ಸತ್ತರೆ ನಷ್ಟ ನಮಗೇ. ಎಲೆ ಬೇವಿನದಾದರೂ ಕಣ ಬೆಳ್ಳಿಯದೇ ಎಂಬುದನ್ನು ಮರೆಯಬಾರದು.

ಹಾಗಾದರೆ ಏನು ಮಾಡಬೇಕು?

ಡೆಂಗಿ ಹರಡುವ ಈಡಿಸ್ ಸೊಳ್ಳೆ ಹಗಲಿನಲ್ಲಿ ಕಚ್ಚುತ್ತದೆ, ನಿಂತ ತಿಳಿನೀರಿನಲ್ಲಿ ಬೆಳೆಯುತ್ತದೆ. ಮೊಟ್ಟೆ ಸೊಳ್ಳೆಯಾಗಲು ಸುಮಾರು 7ರಿಂದ 10 ದಿನ ಬೇಕು. ಆದ್ದರಿಂದ:

1. ವಾರಕ್ಕೊಂದು ದಿನ ತೊಟ್ಟಿ, ಡ್ರಮ್, ಹಂಡೆಗಳನ್ನು ಪೂರ್ತಿ ಖಾಲಿ ಮಾಡಿರಿ.
2. ಒಳಗೋಡೆಯನ್ನು ಬ್ರಷ್‌ನಿಂದ ತಿಕ್ಕಿ ತೊಳೆಯಿರಿ. ಅಲ್ಲಿ ಅಂಟಿದ ಮೊಟ್ಟೆಗಳು ನೀರಿಲ್ಲದೆಯೂ ತಿಂಗಳುಗಟ್ಟಲೆ ಬದುಕಿರುತ್ತವೆ.
3. ನೀರು ತುಂಬಿದ ಕೂಡಲೇ ಭದ್ರವಾಗಿ ಮುಚ್ಚಿರಿ.
4. ಹಳೆಯ ಟೈರು, ತೆಂಗಿನ ಚಿಪ್ಪು, ಹೂಕುಂಡದ ತಟ್ಟೆಗಳಲ್ಲಿ ನೀರು ನಿಲ್ಲಲು ಬಿಡಬೇಡಿರಿ.
5. ಖಾಲಿ ಮಾಡಲಾಗದ ದೊಡ್ಡ ತೊಟ್ಟಿಯಿದ್ದರೆ ಆರೋಗ್ಯ ಕಾರ್ಯಕರ್ತರಿಗೆ ತಿಳಿಸಿರಿ.

ರೋಗಿಯ ಜೊತೆಗಿರುವವರ ಗಮನಕ್ಕೆ

ಜ್ವರದ ರೋಗಿಯನ್ನು ಹಗಲಿನಲ್ಲಿಯೂ ಸೊಳ್ಳೆಪರದೆಯೊಳಗೆ ಮಲಗಿಸಿರಿ. ಅವರನ್ನು ಕಚ್ಚಿದ ಸೊಳ್ಳೆಯೇ ಕೆಲ ದಿನಗಳ ನಂತರ ರೋಗವನ್ನು ಮನೆಯವರಿಗೆ ಹರಡಬಲ್ಲದು. ವೈದ್ಯರನ್ನು ಕೇಳದೆ ಆಸ್ಪಿರಿನ್, ಐಬುಪ್ರೊಫೆನ್ ಮಾತ್ರೆ ಕೊಡಬೇಡಿರಿ. ಇವುಗಳಿಂದ ರಕ್ತಸ್ರಾವ ಹೆಚ್ಚಾಗಬಹುದು.

ಜ್ವರ ಇಳಿಯಿತೆಂದು ಮೈಮರೆಯಬಾರದು. ಡೆಂಗಿಯ ಅಪಾಯ ಬಹುಮಟ್ಟಿಗೆ ಜ್ವರ ಇಳಿಯುವ ಹೊತ್ತಿನಲ್ಲೇ ಕಾಣಿಸಿಕೊಳ್ಳುತ್ತದೆ. ತೀವ್ರ ಹೊಟ್ಟೆನೋವು, ಮತ್ತೆ ಮತ್ತೆ ವಾಂತಿ, ಮೂಗು ಅಥವಾ ಒಸಡಿನಿಂದ ರಕ್ತ, ಅತಿಯಾದ ಸುಸ್ತು, ಚಡಪಡಿಕೆ ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆತನ್ನಿರಿ.