ರೂಟರಿನ ಈಥರ್‌ನೆಟ್ ಕಾರ್ಡು: ವಿವರಪಟ್ಟಿಯನ್ನು ಓದುವ ಬಗೆ

ಒಂದು ಕಚೇರಿಯ ಗಣಕಯಂತ್ರಗಳ ಜಾಲವನ್ನು ಹೊರಗಿನ ಜಾಲಗಳೊಡನೆ ಕೂಡಿಸಿ, ಬಂದ ಮಾಹಿತಿಯನ್ನು ತಕ್ಕ ದಾರಿಗೆ ಕಳುಹಿಸುವ ಉಪಕರಣವೇ ರೂಟರ್. ರೈಲ್ವೆ ಜಂಕ್ಷನ್ನಿಗೆ ಪ್ಲಾಟ್‌ಫಾರಂ ಹೇಗೋ ರೂಟರಿಗೆ ಇಂಟರ್‌ಫೇಸ್ ಕಾರ್ಡು ಹಾಗೆ. ಮಾಹಿತಿಯು ಒಳಬರುವುದೂ ಹೊರಹೋಗುವುದೂ ಅದರ ಮೂಲಕವೇ.

ಸಹಕಾರಿ ಬ್ಯಾಂಕು, ಶಾಲೆ, ಗ್ರಂಥಾಲಯ ಮೊದಲಾದ ಸಂಸ್ಥೆಗಳು ಇಂತಹ ಕಾರ್ಡುಗಳನ್ನು ಸದಸ್ಯರ ಅಥವಾ ಸಾರ್ವಜನಿಕರ ಹಣದಿಂದ ಕೊಳ್ಳುತ್ತವೆ. ಖರೀದಿ ಸಮಿತಿಯ ಸದಸ್ಯರೆಲ್ಲರೂ ತಂತ್ರಜ್ಞರಾಗಿರುವುದಿಲ್ಲ. ವಿವರಪಟ್ಟಿಯಲ್ಲಿ ದಪ್ಪ ಅಕ್ಷರಗಳಲ್ಲಿ ಮುದ್ರಿತವಾದ ವೇಗವನ್ನಷ್ಟೇ ನೋಡಿ ಒಪ್ಪಿಗೆ ನೀಡಿದರೆ, ಕಾರ್ಡು ರೂಟರಿಗೆ ಹೊಂದದೆ ಹೋಗಬಹುದು. ಹೊಂದಿದರೂ ನಿರೀಕ್ಷಿತ ಕೆಲಸ ಮಾಡದಿರಬಹುದು. ಆದ್ದರಿಂದ ಉಳಿದ ಸಾಲುಗಳ ಅರ್ಥವನ್ನೂ ತಿಳಿದಿರುವುದು ಅವಶ್ಯಕ.

ಹಿನ್ನೆಲೆ

ಈಥರ್‌ನೆಟ್ ಪದ್ಧತಿಯು 1973ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಜೆರಾಕ್ಸ್ ಸಂಸ್ಥೆಯ ಪಾಲೋ ಆಲ್ಟೋ ಸಂಶೋಧನಾ ಕೇಂದ್ರದಲ್ಲಿ ಉದಯಿಸಿತು. ರಾಬರ್ಟ್ ಮೆಟ್‌ಕಾಫ್ ಮತ್ತು ಡೇವಿಡ್ ಬಾಗ್ಸ್ ಅವರು ರೂಪಿಸಿದ ಮೊದಲ ಜಾಲದ ವೇಗ ಸೆಕೆಂಡಿಗೆ 2.94 ಮೆಗಾಬಿಟ್ ಆಗಿತ್ತು. 1980ರಲ್ಲಿ ಡಿಜಿಟಲ್, ಇಂಟೆಲ್ ಮತ್ತು ಜೆರಾಕ್ಸ್ ಸಂಸ್ಥೆಗಳು ಕೂಡಿ 10 ಮೆಗಾಬಿಟ್ ವೇಗದ ನಿಯಮಾವಳಿಯನ್ನು ಪ್ರಕಟಿಸಿದವು. ಐಇಇಇ ಸಂಸ್ಥೆಯ 802.3 ಮಾನಕವು ಇದರ ಆಧಾರದ ಮೇಲೆಯೇ ರಚಿತವಾಯಿತು. 1995ರಲ್ಲಿ 100 ಮೆಗಾಬಿಟ್, 1998ರಲ್ಲಿ 1000 ಮೆಗಾಬಿಟ್ ಮತ್ತು 2002ರಲ್ಲಿ 10 ಗಿಗಾಬಿಟ್ ವೇಗದ ಮಾನಕಗಳು ಬಂದವು.

ವೇಗ ಮತ್ತು ಮಾಧ್ಯಮ

ವಿವರಪಟ್ಟಿಯಲ್ಲಿ 100ಬೇಸ್-ಟಿಎಕ್ಸ್ ಎಂಬಂತಹ ಹೆಸರುಗಳಿರುತ್ತವೆ. ಮೊದಲ ಅಂಕಿ ವೇಗವನ್ನೂ ಕೊನೆಯ ಅಕ್ಷರಗಳು ಮಾಧ್ಯಮವನ್ನೂ ಸೂಚಿಸುತ್ತವೆ. 100ಬೇಸ್-ಟಿಎಕ್ಸ್‌ಗೆ ಕೇಬಲ್ಲಿನ ಎರಡು ಜೋಡಿ ತಾಮ್ರದ ತಂತಿಗಳು ಸಾಕು. 1000ಬೇಸ್-ಟಿಗೆ ನಾಲ್ಕು ಜೋಡಿಗಳೂ ಬೇಕು. ಹಳೆಯ ಕಟ್ಟಡದಲ್ಲಿ ಎರಡೇ ಜೋಡಿ ಜೋಡಿಸಿದ್ದರೆ ಹೊಸ ಕಾರ್ಡಿನ ಪೂರ್ಣ ವೇಗ ದೊರೆಯದು. ಇವೆರಡಕ್ಕೂ ತಂತಿಯ ಉದ್ದದ ಮಿತಿ 100 ಮೀಟರ್. ಅದಕ್ಕಿಂತ ದೂರಕ್ಕೆ ಆಪ್ಟಿಕಲ್ ಫೈಬರ್ ಬಳಸಬಹುದು. ಉದಾಹರಣೆಗೆ, 1000ಬೇಸ್-ಎಲ್‌ಎಕ್ಸ್ ಮಾನಕದ ಪ್ರಕಾರ ಸಿಂಗಲ್ ಮೋಡ್ ಫೈಬರಿನಲ್ಲಿ 5 ಕಿಲೋಮೀಟರ್‌ವರೆಗೆ ಸಂಪರ್ಕ ಸಾಧ್ಯ.

ಫ್ರೇಮುಗಳ ಲೆಕ್ಕ

ಈಥರ್‌ನೆಟ್‌ನಲ್ಲಿ ಮಾಹಿತಿಯು ಫ್ರೇಮ್ ಎಂಬ ಕಂತೆಗಳಾಗಿ ಸಾಗುತ್ತದೆ. ಸಾಮಾನ್ಯ ಫ್ರೇಮಿನ ಕನಿಷ್ಠ ಗಾತ್ರ 64 ಬೈಟ್. ಗರಿಷ್ಠ ಗಾತ್ರ 1518 ಬೈಟ್. ಪ್ರತಿಯೊಂದು ಫ್ರೇಮಿನ ಮುನ್ಸೂಚನೆಗೂ ನಡುವಣ ಬಿಡುವಿಗೂ ಸೇರಿ ಇನ್ನೂ 20 ಬೈಟ್‌ಗಳ ಕಾಲಾವಕಾಶ ಬೇಕಾಗುತ್ತದೆ. ಈ ಲೆಕ್ಕದಂತೆ 100 ಮೆಗಾಬಿಟ್ ಮಾರ್ಗದಲ್ಲಿ ಸೆಕೆಂಡಿಗೆ ಅತಿ ದೊಡ್ಡ ಫ್ರೇಮುಗಳಾದರೆ ಸುಮಾರು 8,127 ಸಾಗಬಹುದು. ಅತಿ ಚಿಕ್ಕವಾದರೆ ಸುಮಾರು 1,48,800.

ರೂಟರು ಪ್ರತಿಯೊಂದು ಕಂತೆಯ ವಿಳಾಸವನ್ನೂ ಪ್ರತ್ಯೇಕವಾಗಿ ಪರಿಶೀಲಿಸಬೇಕು. ಸೆಕೆಂಡಿಗೆ 20,000 ಕಂತೆಗಳನ್ನು ನಿರ್ವಹಿಸಬಲ್ಲ ರೂಟರು ದೊಡ್ಡ ಕಡತಗಳ ರವಾನೆಗೆ ಧಾರಾಳವಾಗಿ ಸಾಲುತ್ತದೆ. ದೂರವಾಣಿ ಸಂಭಾಷಣೆಯಂತಹ ಚಿಕ್ಕ ಕಂತೆಗಳ ಸಂಚಾರ ಹೆಚ್ಚಿದಾಗ ಅದೇ ರೂಟರು ಹಿಂದೆ ಬೀಳಬಹುದು. ಕಾರ್ಡಿನ ವೇಗವೇ ರೂಟರಿನ ಸಾಮರ್ಥ್ಯವಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ದ್ವಿಮುಖ ಸಂಚಾರ

ಏಕಕಾಲದಲ್ಲಿ ಕಳುಹಿಸುವುದನ್ನೂ ಸ್ವೀಕರಿಸುವುದನ್ನೂ ಫುಲ್ ಡ್ಯೂಪ್ಲೆಕ್ಸ್ ಎಂದೂ, ಒಂದಾದ ಮೇಲೊಂದು ಮಾಡುವುದನ್ನು ಹಾಫ್ ಡ್ಯೂಪ್ಲೆಕ್ಸ್ ಎಂದೂ ಕರೆಯುತ್ತಾರೆ. ಎರಡು ತುದಿಗಳ ಉಪಕರಣಗಳು ತಮ್ಮೊಳಗೇ ವೇಗವನ್ನೂ ಕ್ರಮವನ್ನೂ ನಿರ್ಧರಿಸಿಕೊಳ್ಳುವ ಏರ್ಪಾಡಿಗೆ ಆಟೊ ನೆಗೋಶಿಯೇಶನ್ ಎಂದು ಹೆಸರು. ಒಂದು ತುದಿಯಲ್ಲಿ ಈ ಏರ್ಪಾಡನ್ನು ನಿಲ್ಲಿಸಿ, 100 ಮೆಗಾಬಿಟ್ ಫುಲ್ ಡ್ಯೂಪ್ಲೆಕ್ಸ್ ಎಂದು ಸ್ಥಿರಗೊಳಿಸಿದರೆ, ಇನ್ನೊಂದು ತುದಿಯು ವೇಗವನ್ನು ಗುರುತಿಸಿದರೂ ಹಾಫ್ ಡ್ಯೂಪ್ಲೆಕ್ಸ್ ಕ್ರಮಕ್ಕೆ ಇಳಿಯುತ್ತದೆ. ಆಗ ಸೂಚಕ ದೀಪ ಉರಿಯುತ್ತಲೇ ಇರುತ್ತದೆ, ಚಿಕ್ಕ ಪರೀಕ್ಷಾ ಸಂದೇಶಗಳೂ ತಲುಪುತ್ತವೆ. ಆದರೆ ದೊಡ್ಡ ಕಡತಗಳು ಬಹು ನಿಧಾನವಾಗಿ ಸಾಗುತ್ತವೆ. ದೋಷವಿಲ್ಲದ ಕಾರ್ಡನ್ನು ಬದಲಾಯಿಸುವ ಮುನ್ನ ಎರಡೂ ತುದಿಗಳ ಕ್ರಮ ಒಂದೇ ಆಗಿದೆಯೇ ಎಂದು ನೋಡುವುದು ವಿವೇಕ.

ಪೋರ್ಟು ಮತ್ತು ಸ್ಲಾಟು

ಸಿಸ್ಕೋ ಸಂಸ್ಥೆಯ 2800 ಶ್ರೇಣಿಯ ರೂಟರುಗಳ ಕಾರ್ಡುಗಳು ಇಲ್ಲಿ ಉತ್ತಮ ಉದಾಹರಣೆ. ಈ ಶ್ರೇಣಿಯ ಮಾರಾಟ ನಿಂತು ವರ್ಷಗಳಾದರೂ ಅದರ ಪಾಠ ಇಂದಿಗೂ ಅನ್ವಯಿಸುತ್ತದೆ. ಎಚ್‌ಡಬ್ಲ್ಯುಐಸಿ-2ಎಫ್‌ಇ ಎಂಬ ಕಾರ್ಡಿನಲ್ಲಿ ಎರಡು ಪೋರ್ಟುಗಳಿದ್ದವು. ಅವೆರಡರ ಮೂಲಕ ಎರಡು ಪ್ರತ್ಯೇಕ ಜಾಲಗಳನ್ನು ಜೋಡಿಸಬಹುದಾಗಿತ್ತು. ಎಚ್‌ಡಬ್ಲ್ಯುಐಸಿ-4ಇಎಸ್‌ಡಬ್ಲ್ಯು ಕಾರ್ಡಿನಲ್ಲಿ ನಾಲ್ಕು ಪೋರ್ಟುಗಳಿದ್ದರೂ ಅವು ಸ್ವಿಚ್ ಪೋರ್ಟುಗಳು, ಅಂದರೆ ಮುಖ್ಯವಾಗಿ ಒಳಜಾಲದ ಯಂತ್ರಗಳನ್ನು ಕೂಡಿಸಲು ಮಾಡಿದಂಥವು. ಪೋರ್ಟುಗಳ ಸಂಖ್ಯೆಯೊಡನೆ ಅವುಗಳ ಬಗೆಯನ್ನೂ ನೋಡಬೇಕೆನ್ನುವುದು ಇದಕ್ಕಾಗಿಯೇ. ಅಲ್ಲದೆ ಈ ಕಾರ್ಡುಗಳು ಹಿಂದಿನ 2600 ಶ್ರೇಣಿಯ ಸ್ಲಾಟುಗಳಲ್ಲಿ ಕೆಲಸ ಮಾಡುತ್ತಿರಲಿಲ್ಲ.

ಖರೀದಿಗೆ ಮುನ್ನ

ಬೇಡಿಕೆ ಪತ್ರಕ್ಕೆ ಸಹಿ ಹಾಕುವ ಮುನ್ನ ಕೆಳಗಿನ ಪ್ರಶ್ನೆಗಳಿಗೆ ಮಾರಾಟಗಾರರಿಂದ ಲಿಖಿತ ಉತ್ತರ ಪಡೆಯುವುದು ಒಳಿತು:

1. ಈ ಕಾರ್ಡು ಈಗಿರುವ ರೂಟರಿನ ಸ್ಲಾಟಿಗೂ ಅದರ ತಂತ್ರಾಂಶದ ಆವೃತ್ತಿಗೂ ಹೊಂದುತ್ತದೆಯೇ?
2. ಕಟ್ಟಡದಲ್ಲಿರುವ ತಂತಿಯ ಬಗೆ ಮತ್ತು ಉದ್ದಕ್ಕೆ ಇದು ತಕ್ಕುದೇ?
3. ಪೋರ್ಟುಗಳು ರೂಟರ್ ಪೋರ್ಟುಗಳೇ, ಸ್ವಿಚ್ ಪೋರ್ಟುಗಳೇ?
4. ಚಿಕ್ಕ ಕಂತೆಗಳಾದಾಗ ರೂಟರು ಸೆಕೆಂಡಿಗೆ ಎಷ್ಟನ್ನು ನಿರ್ವಹಿಸಬಲ್ಲದು?

ಕಾರ್ಡು, ತಂತಿ, ರೂಟರು ಈ ಮೂರರಲ್ಲಿ ಅತಿ ದುರ್ಬಲವಾದುದೇ ಇಡೀ ಸಂಪರ್ಕದ ವೇಗವನ್ನು ನಿರ್ಧರಿಸುತ್ತದೆ. ಇದನ್ನು ಅರಿತು ಕೊಂಡಲ್ಲಿ ಸಂಸ್ಥೆಯ ಹಣವೂ ಉಳಿಯುತ್ತದೆ, ಕೌಂಟರಿನ ಮುಂದೆ ಕಾಯುವ ಜನರ ಸಮಯವೂ ಉಳಿಯುತ್ತದೆ.